ಘೋಡಗೇರಿಯ ಕಾಕಾ ಖಳನಾದದ್ದು

ನಾನು ಗೋಕಾಕದಲ್ಲಿ ಮನೆಗಳ ನಕ್ಷೆ ಬರೆದುಕೊಟ್ಟು ಹೊಟ್ಟೆ ಹೊರೆಯುವವಳು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಔಷಧದ ಅಂಗಡಿಯೊಂದರ ಮಾಳಿಗೆಯ ಮೇಲೆ ನನ್ನ ಕಚೇರಿ. ವಾರವೆಲ್ಲ ಅಲ್ಲಿ ದೇವರ ಕೋಣೆ ಯಾವ ಮೂಲೆಗೆ ಬರಬೇಕು, ಬಚ್ಚಲ ನೀರು ಯಾರ ಹೊಲದ ಕಡೆ ಹರಿಯಬೇಕು, ಅಣ್ಣನ ಪಾಲಿಗಿಂತ ತಮ್ಮನ ಪಾಲು ಅರ್ಧ ಗೇಣು ಹೆಚ್ಚಾಯಿತೇ ಎಂಬ ಮಾತುಗಳೇ. ರವಿವಾರ ಮಧ್ಯಾಹ್ನ ಮಾತ್ರ ಅದೇ ಮೇಜಿನ ಮೇಲೆ ರಾಕ್ಷಸರ ಮನೆಯ ನಕ್ಷೆ ಹಾಸಿಕೊಂಡು ನಾವು ನಾಲ್ಕು ಜನ ಆಟವಾಡುತ್ತಿದ್ದೆವು. ಈಗ ಜನ ಹೆಚ್ಚಾಗಿದ್ದಾರೆ, ಆಟ ನಿಂತಿಲ್ಲ.

ಈ ಆಟ ನಮ್ಮ ಕಡೆ ಬಂದದ್ದು ಸಂಕೇಶ್ವರದ ಬಟ್ಟೆ ಅಂಗಡಿಯವರಿಂದ. ಕೊಲ್ಹಾಪುರದಲ್ಲಿರುವ ಅವರ ಸೋದರತ್ತೆಯ ಮಗ ಕಲಿಸಿಕೊಟ್ಟಿದ್ದನಂತೆ. ಒಬ್ಬರು ಕಥೆ ನಡೆಸಬೇಕು, ಉಳಿದವರು ಆ ಕಥೆಯ ವೀರರಾಗಬೇಕು. ವೀರರು ತಾವೇನು ಮಾಡುತ್ತೇವೆಂದು ಬಾಯಲ್ಲಿ ಹೇಳುತ್ತಾರೆ; ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳವೊಂದು ತೀರ್ಮಾನಿಸುತ್ತದೆ. ಕಥೆ ನಡೆಸುವವರದು ದೊಡ್ಡ ಉಸಾಬರಿ. ವೀರರು ನುಗ್ಗುವ ಭೂಗತ ಕೋಟೆಯನ್ನು ಅವರೇ ಕಟ್ಟಬೇಕು. ಅದರೊಳಗಿನ ಬಾಗಿಲು, ಬಲೆ, ಹಾವು, ಕಾವಲುಗಾರ ಎಲ್ಲವೂ ಅವರೇ. ಕೊನೆಯ ಕೋಣೆಯಲ್ಲಿ ಕಾದು ಕುಳಿತ ಖಳನೂ ಅವರೇ. ಮನೆ ಕಟ್ಟುವ ವಿದ್ಯೆ ಗೊತ್ತಿದೆ ಎಂಬ ಒಂದೇ ಕಾರಣಕ್ಕೆ ಆ ಉಸಾಬರಿ ನನ್ನ ತಲೆಗೆ ಬಂತು.

ಇಂಥ ಕೋಟೆಗೆ ಆಟದ ಪುಸ್ತಕದಲ್ಲಿ ಡಂಜನ್ ಎಂದಿತ್ತು. ನಮ್ಮ ಮೇಜಿನಲ್ಲಿ ಅದು ಮೊದಲ ದಿನವೇ ಹಗೇವು ಆಯಿತು. ಜೋಳ ತುಂಬಿಡಲು ಹಿಂದಿನವರು ನೆಲದಲ್ಲಿ ತೋಡುತ್ತಿದ್ದ ಹಗೇವಿನೊಳಗೆ ನಾವೆಲ್ಲ ಚಿಕ್ಕಂದಿನಲ್ಲಿ ಇಣುಕಿ ನೋಡಿ ಬೈಸಿಕೊಂಡವರೇ. ಕತ್ತಲು, ಬಿಸಿ ವಾಸನೆ, ಒಳಗೆ ಏನಿದೆಯೋ ಎಂಬ ಹೆದರಿಕೆ. ಡಂಜನ್ನಿಗೆ ಬೇಕಾದದ್ದೆಲ್ಲ ಅದರಲ್ಲಿತ್ತು.

ರಾಕ್ಷಸರ ಗೊಂಬೆಗಳು ನಮ್ಮಲ್ಲಿರಲಿಲ್ಲ. ಮರದಲ್ಲಿ ಕೆತ್ತಿದ ಗೋಕಾಕದ ಹಣ್ಣು ಕಾಯಿಗಳು ಮನೆಯಲ್ಲಿದ್ದವು, ಬಣ್ಣ ಬಳಿದಂಥವು. ಅವನ್ನೇ ಇಟ್ಟೆ. ಬೆಂಕಿ ಉಗುಳುವ ನಾಲ್ಕು ಕಾಲಿನ ಮಹಾಸರ್ಪ ಒಂದು ಬದನೆಕಾಯಿ. ಅದರ ಮರಿಗಳು ಮೆಣಸಿನಕಾಯಿ. ಸೀತಾಫಲ ಎಂದರೆ ಕಾವಲುಗಾರರ ಮುಖ್ಯಸ್ಥ.

ವೀರರು ಮೂವರು. ಮೂಡಲಗಿಯ ದನದ ಡಾಕ್ಟರರು ಕತ್ತಿ ಹಿಡಿದ ಯೋಧ. ನನ್ನ ನಾದಿನಿ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಮಂತ್ರವಾದಿ. ಬಟ್ಟೆ ಅಂಗಡಿಯವರು ಮಾಯಾಪಾದರಕ್ಷೆ ತೊಟ್ಟು ಸದ್ದಿಲ್ಲದೆ ನಡೆಯುವ ಕಳ್ಳ. ಹೇಳುವುದಕ್ಕೆ ಹೀಗೆ. ಹಗೇವಿನೊಳಗೆ ಇಳಿದ ಮೇಲೆ ಮೂವರೂ ತಮ್ಮ ತಮ್ಮ ಪಗಾರದ ಕೆಲಸಕ್ಕೇ ಮರಳುತ್ತಿದ್ದರು.

"ಬಾಗಿಲು ತೆರೆದಿರಿ. ಎದುರಿಗೆ ಮಹಾಸರ್ಪ. ಬಾಯಿಯಿಂದ ಜೊಲ್ಲು ಸುರಿಯುತ್ತಿದೆ, ಕಣ್ಣು ಕೆಂಪಾಗಿವೆ, ನೆಲಕ್ಕೆ ಕಾಲು ಬಡಿಯುತ್ತಿದೆ," ಎಂದು ನಾನು ಆದಷ್ಟು ಭಯಂಕರವಾಗಿ ಹೇಳಿದರೆ ಡಾಕ್ಟರರು ಕತ್ತಿ ಕೆಳಗಿಳಿಸುತ್ತಿದ್ದರು.

"ಜೊಲ್ಲ ಸುರ್ಯಾಕತ್ತೈತಿ ಅಂದ್ರಿ ಅಲ್ರಿ? ಕಾಲ ಬಡ್ಯಾಕತ್ತೈತಿ? ಕಾಲ್ಬಾಯಿ ಬ್ಯಾನಿ ಇರಬೇಕದು. ಹತ್ರ ಯಾರೂ ಹೋಗಬ್ಯಾಡ್ರಿ. ನಾ ಮೊದಲ ಗೊರಸಾ ನೋಡ್ತೇನಿ."

ನನ್ನನ್ನು ವೈನಿ ಎಂದು ಕರೆಯುವ ನಾದಿನಿಯ ಕಾಟ ಬೇರೆ. ಯಾವ ಹಗೇವಿನ ಬಾಯಿಗೆ ಬಂದರೂ ಆಕೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದಳು. "ಒಳಗ ಗಾಳಿ ಚಲೋ ಐತೋ ಇಲ್ಲೋ ನೋಡಬೇಕಲ್ಲ. ಇಷ್ಟ ವರ್ಷ ಮುಚ್ಚಿದ ಹಗೇವು. ನಿಮ್ಮ ಕಾವಲುಗಾರ್ರು ಹ್ಯಾಂಗ ಉಸರಾಡ್ತಾರ ವೈನಿ? ಕಿಟಕಿ ಎಲ್ಲೈತಿ?" ನಾನು ಆಮೇಲೆ ಪ್ರತಿ ಹಗೇವಿಗೂ ಗಾಳಿಗಿಂಡಿ ಬರೆಯತೊಡಗಿದೆ. ಬಟ್ಟೆ ಅಂಗಡಿಯವರು ಆ ಗಾಳಿಗಿಂಡಿಗಳಿಂದ ನೇರವಾಗಿ ಖಳನ ಕೋಣೆಗೆ ಇಳಿಯತೊಡಗಿದರು.

ಹೋಗಲಿ, ಇಳಿದರೆ ಖಳನಾದರೂ ಅವರನ್ನು ನಡುಗಿಸಬೇಕಲ್ಲ. ಅಲ್ಲಿಯೇ ನನ್ನ ದೊಡ್ಡ ಸೋಲು. ಮೊದಲು ಪುಸ್ತಕದ ಕನ್ನಡದಲ್ಲಿ "ಎಲವೋ ಮೂಢರಿರಾ" ಎಂದು ಗರ್ಜಿಸಿ ನೋಡಿದೆ. ಮೂವರೂ ನಕ್ಕು ಚಹಾ ಚೆಲ್ಲಿಕೊಂಡರು. ಸರಿ, ನಮ್ಮ ಮಾತಿನಲ್ಲೇ ಆಡೋಣ ಎಂದುಕೊಂಡೆ. ಆದರೆ ಎದುರಿಗೆ ಕುಳಿತವರು ವಯಸ್ಸಿನಲ್ಲಿ ದೊಡ್ಡವರಾದ ಡಾಕ್ಟರರು. ಅವರಿಗೆ ಏಕವಚನ ಹಚ್ಚಲು ನನ್ನ ನಾಲಗೆ ಏಳಲಿಲ್ಲ.

"ನಿಮ್ಮ ತಲಿ ತಗೀತೇನ್ರಿ," ಎಂದೆ.

ನಾದಿನಿ ಹಣೆ ಒತ್ತಿಕೊಂಡಳು. "ವೈನಿ, ನಿಮ್ಮ ಖಳ ತಲಿ ತಗಿಯೂ ಮೊದಲ ಪರವಾನಗಿ ಕೇಳಿದಂಗ ಆತು."

ಖಳ ಕೈಹಿಡಿಯಲಿಲ್ಲ, ಅವನ ಮನೆಯಾದರೂ ಹೆದರಿಸಲಿ ಎಂದು ನಾನು ಒಂದು ಹಠಕ್ಕೆ ಬಿದ್ದೆ. ಆ ವರ್ಷ ಮಳೆಗಾಲದಲ್ಲಿ ಕಟ್ಟಡದ ಕೆಲಸ ಕಡಿಮೆ. ಕುಳಿತು ಒಂದು ಹಗೇವು ಬರೆದೆ, ನನ್ನ ಜೀವಮಾನದಲ್ಲೇ ಅಂಥದನ್ನು ಬರೆದಿರಲಿಲ್ಲ. ಮೂರು ಕಡೆ ತಿರುಗುವ ಓಣಿ, ಹೊರಗಿನವರಿಗೆ ಒಳಗಿನ ಬೆಳಕು ಕಾಣದ ಹಾಗೆ. ದೂಡಿದರೆ ತಿರುಗುವ ಗೋಡೆ. ಹಾವಿನ ಗುಂಡಿ. ಒಂದೇ ಬಾಗಿಲಿನ ಸೆರೆಮನೆ. ಧಾನ್ಯದ ಕೋಣೆಯ ಹಿಂದೆ ಗುಪ್ತ ಬಾಗಿಲು. ನಟ್ಟನಡುವೆ ಎತ್ತರದ ಕಟ್ಟೆ ಇರುವ ದೊಡ್ಡ ಪಡಸಾಲೆ. ಅದರ ಮೇಲೆ ದಪ್ಪಕ್ಷರದಲ್ಲಿ "ಖಳನ ಪಡಸಾಲೆ" ಎಂದು ಬರೆದೆ. ಊರಿನ ಹೊಳೆಯನ್ನೇ ತಿರುಗಿಸಿ ಹಗೇವಿನೊಳಗೆ ಕೂಡಿಟ್ಟು, ಕೀಲಿ ಜಡಿದು, ಹನಿ ನೀರಿಗೂ ಜನರನ್ನು ಕಾಯಿಸುವವನು ಈ ಖಳ. ಕೀಲಿ ತಂದು ಹೊಳೆಯನ್ನು ಬಿಡಿಸುವುದು ವೀರರ ಕೆಲಸ.

ರವಿವಾರ ಬಂತು. ಕರದಂಟಿನ ತಟ್ಟೆ ಸರಿಸಿ, ನಕ್ಷೆಯ ಸುರುಳಿಯನ್ನು ಮೇಜಿನ ಮೇಲೆ ಠೀವಿಯಿಂದ ಬಿಚ್ಚಿದೆ. ಅಡುಗೆಮನೆ. ಬಚ್ಚಲು. ಮಲಗುವ ಕೋಣೆಗಳು. ಮೂಲೆಯಲ್ಲಿ ಟ್ರ್ಯಾಕ್ಟರ್ ಶೆಡ್ಡು.

ಮೂವರೂ ಬಾಗಿ ನೋಡಿದರು. ಡಾಕ್ಟರರು ಗಂಭೀರವಾಗಿ ಕೇಳಿದರು, "ಖಳ ಟ್ರ್ಯಾಕ್ಟರ್ ಶೆಡ್ಡಿನ್ಯಾಗ ಇರ್ತಾನೇನ್ರಿ?"

ಅದು ಘೋಡಗೇರಿಯ ಒಬ್ಬ ಹಿರಿಯರ ಮನೆ. ಹಿಂದಿನ ದಿನ ತಮ್ಮ ನಕ್ಷೆ ಒಯ್ಯಲು ಬಂದಿದ್ದರು. ಕುರಿ ಕಾಯುತ್ತ ಬಂದ ಮನೆತನ. ಈಗ ಕಬ್ಬೂ ಇದೆ, ಕುರಿಯೂ ಇದೆ, ತೋಟದಲ್ಲಿ ಹೊಸ ಮನೆ ಕಟ್ಟಿಸುವ ಹುರುಪೂ ಇದೆ. ತಲೆಗೆ ದೊಡ್ಡ ಪಟಗಾ, ಅದಕ್ಕಿಂತ ದೊಡ್ಡ ದನಿ. ಊರವರೆಲ್ಲ ಅವರನ್ನು ಕಾಕಾ ಎನ್ನುವುದರಿಂದ ನಾನೂ ಕಾಕಾ ಎನ್ನುತ್ತಿದ್ದೆ. ಒಂದೇ ಅಳತೆಯ ಎರಡು ಸುರುಳಿಗಳು ಅದಲುಬದಲಾಗಿ ನನ್ನ ಹಗೇವು ಅವರ ಜೊತೆ ಘೋಡಗೇರಿಗೆ ಹೋಗಿತ್ತು.

ಕೂಡಲೇ ಫೋನ್ ಮಾಡಿದೆ. ಹಿಂದೆ ಕುರಿಗಳ ಸದ್ದು.

"ಕಾಕಾ, ನಕ್ಷಾದಾಗ ಒಂದ ಗೊಂದಲ ಆಗೈತ್ರಿ..."

"ಹಾಂ ಬಾಯಾರ! ನಕ್ಷಾ ಭಾಳ ಚಲೋ ಆಗೈತ್ರಿ! ಮನ್ಯಾಗ ಎಲ್ಲಾರೂ ಖುಷ್ ಅದಾರ!"

"ಅದಲ್ರಿ, ಅದು ನಿಮ್ಮದು..."

"ನಮ್ಮದ ರೀ! ಬರ್ತೇನಿ, ಬಂದ ಮಾತಾಡ್ತೇನಿ!" ಎಂದು ಇಟ್ಟುಬಿಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ.

ಆ ವಾರದ ಕೊನೆಗೆ ಕಾಕಾ ಬಂದರು. ಸುರುಳಿ ಬಿಚ್ಚಿ ಹರಡಿದರು. ನನ್ನ ಹಗೇವಿನ ತುಂಬ ಪೆನ್ಸಿಲ್ ಗೆರೆಗಳು, ದೇವರ ಕೋಣೆ, ಅಡುಗೆಮನೆ, ಬಚ್ಚಲು ಎಂದು ಮನೆಮಂದಿ ಮಾಡಿದ ಗುರುತುಗಳು.

"ಕೂಡ್ರಿ ಬಾಯಾರ, ಒಂದೊಂದ ಹೇಳ್ತೇನಿ. ಈ ಓಣಿ ಮೂರು ಕಡೆ ತಿರಗ್ತೈತಲ್ರಿ, ಇದು ಎಲ್ಲಾರಿಗೂ ಪಸಂದ ಬಿತ್ತು. ರಸ್ತೇದಾಗ ನಿಂತಾವಗ ನಮ್ಮ ಒಲಿ ಕಾಣೂದಿಲ್ಲ. ಹಾವಿನ ಗುಂಡಿ ಅಂತ ಬರದೀರಿ. ಖರೆ, ತೋಟದ ಮನಿ, ಹಾವ ಬರ್ತಾವು. ನೀವ ಅಷ್ಟ ವಿಚಾರ ಮಾಡೀರಲ್ಲ, ನನಗ ಭಾಳ ಸಮಾಧಾನ ಆತು. ಆದ್ರ ಅದು ದೇವರ ಖೋಲಿ ಬಾಜೂಕ ಬ್ಯಾಡ. ಹಿತ್ತಲದಾಗ ಇರ್ಲಿ."

ಕಾಕಾ ಬೆರಳನ್ನು ಮುಂದಿನ ಕೋಣೆಗೆ ಸರಿಸಿದರು.

"ಸೆರಿಮನಿ ಅಂತ ಒಂದ ಖೋಲಿ ಮಾಡೀರಿ. ಬಾಗಲಾ ಒಂದ, ಕಿಟಕಿ ಇಲ್ಲ. ಇದು ಅಳಿಯಗೋಳು ಬಂದಾಗ ಇಳಿಯೂ ಖೋಲಿ ಹೌದಲ್ಲೋ? ಬೇಶ್ ಆತು. ಇನ್ನ ಇದು," ಎಂದು ಅವರು ನಡುಮನೆಯ ಮೇಲೆ ಬೆರಳಿಟ್ಟರು, "ಖಳನ ಪಡಸಾಲಿ."

ನಾನು ಆ ಅಕ್ಷರಗಳ ಮೇಲೆ ಅಂಗೈ ಮುಚ್ಚಲು ಹೋದೆ.

"ಖಳೆ ಅಂದ್ರ ಕಣಾ ಅಲ್ರಿ? ಸಂಕೇಶ್ವರ ಕಡೆ ಮರಾಠಿ ಮಂದಿ ಕಣಕ್ಕ ಖಳೆ ಅಂತಾರ. ಮನಿ ಒಳಗ ಕಣಾ ತಂದೀರಲ್ರಿ ಬಾಯಾರ! ಮಳಿ ಬಂದ್ರ ರಾಶಿ ತೊಯ್ಯೂದಿಲ್ಲ. ಇಂಥಾ ವಿಚಾರ ನಮ್ಮ ಅಪ್ಪಗೂ ಹೊಳದಿರಲಿಲ್ಲ."

ಇನ್ನು ಸುಮ್ಮನಿರುವುದು ಸಾಧ್ಯವಿರಲಿಲ್ಲ. ಇದು ನಿಮ್ಮ ಮನೆಯಲ್ಲ, ನಾವು ರವಿವಾರ ಆಡುವ ಆಟದ ಮನೆ, ಖಳ ಎಂದರೆ ಕಣವಲ್ಲ, ಕೆಟ್ಟ ಮನುಷ್ಯ ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರ ನಿಜವಾದ ನಕ್ಷೆಯನ್ನು ಮುಂದೆ ಹಾಸಿದೆ. ಕಾಕಾ ಅದನ್ನು ನೋಡಿದ ರೀತಿ, ಹೆಣ್ಣು ನೋಡಲು ಹೋದವರ ಮುಂದೆ ಬೇರೆಯವಳನ್ನು ತಂದು ಕೂರಿಸಿದ ಹಾಗಿತ್ತು. ಆಮೇಲೆ ಕೇಳಿದರು:

"ಹಂಗಾರ ಇದು ಯಾರ ಮನಿ?"

"ಆ ಕೆಟ್ಟ ಮನಷ್ಯಾಂದ್ರಿ."

"ಏನ್ ಕೆಟ್ಟದ ಮಾಡ್ಯಾನ ಅಂವ?"

"ಊರಿನ ಹೊಳಿ ಹಿಡಿದು ಕೀಲಿ ಹಾಕ್ಯಾನ್ರಿ."

ಕಾಕಾ ನಕ್ಷೆಯನ್ನು ಮತ್ತೊಮ್ಮೆ ಸವರಿದರು. "ಇಂಥಾ ಮನಿ ಕಟ್ಟಿಸಿದಾಂವ ಅಷ್ಟ ಕೆಟ್ಟಾಂವ ಹ್ಯಾಂಗ ಆದಾನ? ಇರ್ಲಿ. ರವಿವಾರ ನಾನೂ ಬರ್ತೇನಿ. ಏನ್ ಮಾಡ್ತೀರಿ ನೋಡೂಣು."

ಅವರು ಬಂದದ್ದು ವೀರನಾಗಿ ಆಡಲು. ಒಂದು ಗದೆ ಕೊಟ್ಟು ಡಾಕ್ಟರರ ಬಗಲಿಗೆ ಕೂರಿಸಿದೆ. ವೀರರು ಹಗೇವಿನ ಬಾಯಿಗೆ ಬಂದರು, ನಾದಿನಿ ದೀಪ ಇಳಿಸಿದಳು, ಓಣಿ ಎದುರಾಯಿತು. ನಾನು ದನಿ ತಗ್ಗಿಸಿ, "ಮುಂದೆ ಗೋಡೆ. ದಾರಿ ಇಲ್ಲ," ಎಂದೆ.

"ಆ ಗ್ವಾಡಿ ದೂಡ್ರಿ, ತಿರಗ್ತೈತಿ," ಎಂದರು ಕಾಕಾ.

ಮನೆಮಂದಿಯೊಡನೆ ಕುಳಿತು ನೋಡಿ ನೋಡಿ ಇಡೀ ಹಗೇವು ಅವರಿಗೆ ಬಾಯಿಪಾಠವಾಗಿತ್ತು. "ಎಡಕ ಬ್ಯಾಡ್ರಿ, ಅಲ್ಲಿ ಹಾವ ಅದಾವು. ಜ್ವಾಳದ ಖೋಲ್ಯಾಗ ಬರ್ರಿ, ಹಿಂದ ಗುಪ್ತ ಬಾಗಲಾ ಐತಿ." ನಾನು ಮಳೆಗಾಲವೆಲ್ಲ ಕಟ್ಟಿದ್ದನ್ನು ಅವರು ಚಹಾ ಆರುವುದರೊಳಗೆ ದಾಟಿಸಿಬಿಡುವವರಿದ್ದರು. ಬಟ್ಟೆ ಅಂಗಡಿಯವರಿಗಂತೂ ಪರಮಾನಂದ. ಅಳುವುದೊಂದು ಬಾಕಿ ನನಗೆ. ಆಗ ನಾದಿನಿಯೇ ಹೇಳಿದಳು: "ವೈನಿ, ಮನಿ ಇಷ್ಟ ಗೊತ್ತಿದ್ದಾಂವ ಕಳುವು ಮಾಡಾಕ ಬಂದಾಂವ ಅಲ್ಲ. ಮನಿ ಯಜಮಾನ."

ಹೀಗೆ ಕಾಕಾ ಖಳನಾದರು. ಗದೆ ವಾಪಸು ಪಡೆದು, ಅವರನ್ನು ಮೇಜಿನ ನನ್ನ ಕಡೆಗೆ ಕರೆದುಕೊಂಡೆ. "ಇವರು ನಿಮ್ಮ ಮನಿ ಒಳಗ ನುಗ್ಗ್ಯಾರ. ನೀವು ಖಳ. ಏನ್ ಮಾಡ್ತೀರಿ ಮಾಡ್ರಿ," ಎಂದೆ. ಕಾಕಾ ಪಟಗಾ ಸರಿಮಾಡಿಕೊಂಡರು. ಗರ್ಜಿಸಲಿಲ್ಲ.

"ಯಾರ್ರಿ ಅದು? ಬರ್ರಿ, ಬರ್ರಿ. ಕಾಲಾಗಿಂದ ಬಿಟ್ಟ ಬರ್ರಿ. ಈಗಷ್ಟ ಸಾರಿಸ್ಯಾರ."

"ಆತ್ರಿ," ಎಂದರು ಬಟ್ಟೆ ಅಂಗಡಿಯವರು. ಅಂಗಡಿಯಲ್ಲಿ ಬಿಳಿ ಗಾದಿಯ ಮೇಲೆ ಹುಟ್ಟಿ ಬೆಳೆದ ಮನುಷ್ಯ. ಚಪ್ಪಲಿ ಬಿಡಿ ಎಂದರೆ ಯೋಚಿಸುವ ಮೊದಲೇ ಬಿಡುತ್ತಾರೆ. ಅವರ ಕಳ್ಳನ ಶಕ್ತಿಯೆಲ್ಲ ಇದ್ದದ್ದು ಸದ್ದು ಮಾಡದ ಆ ಮಾಯಾಪಾದರಕ್ಷೆಯಲ್ಲಿ. ಅದೀಗ ಹೊಸ್ತಿಲಾಚೆ ಉಳಿಯಿತು.

"ಕೈಯಾಗಿಂದ ಅಲ್ಲಿ ಮೂಲ್ಯಾಗ ಇಡ್ರಿ ಡಾಕ್ಟರ. ಹುಡುಗ್ರು ಓಡ್ಯಾಡ್ತಾವು."

ನನ್ನ ಹಗೇವಿನಲ್ಲಿ ಮಕ್ಕಳೇ ಇರಲಿಲ್ಲ. ಆದರೂ ಡಾಕ್ಟರರು ಕತ್ತಿ ಮೂಲೆಗಿಟ್ಟರು. ಕಾಕಾ ಮೂವರನ್ನೂ ಕಟ್ಟೆಯ ಮೇಲೆ ಕೂರಿಸಿದರು, ಯಾವ ಊರು, ಯಾರ ಪೈಕಿ ಎಂದು ವಿಚಾರಿಸಿದರು, ಮಜ್ಜಿಗೆ ತರಿಸಿದರು. ವೀರರು ಕುಡಿದರು. ವಿಷ ಇರಬಹುದೆಂದು ನಾದಿನಿ ದಾಳ ಉರುಳಿಸಿ ಪರೀಕ್ಷಿಸಿದಳು. ವಿಷ ಇರಲಿಲ್ಲ. ಉಪ್ಪು ಜೀರಿಗೆ ಸರಿಯಾಗಿ ಬಿದ್ದಿತ್ತು.

ಕೊನೆಗೆ ಡಾಕ್ಟರರು ನೆನಪಿಸಿಕೊಂಡರು. "ನಾವು ಹೊಳಿ ಬಿಡಸಾಕ ಬಂದೇವಿ. ನಾ ಎದ್ದ ಕತ್ತಿ ತಗೀತೇನಿ."

"ಕತ್ತಿ ಮೂಲ್ಯಾಗ ಐತಿ, ತಗೋರಿ," ಎಂದರು ಕಾಕಾ ನೊಂದವರಂತೆ. "ಉಣ್ಣೂಮಟಾ ಕುಂತ್ರ ಚಲೋ ಇತ್ತು. ನಿಮಗಂತ ಒಲಿ ಮ್ಯಾಲ ಇಟ್ಟಾರ. ರೊಟ್ಟಿ ಬಡ್ಯಾಕತ್ತಾರ, ಸದ್ದ ಕೇಳ್ತೈತಿಲ್ಲೋ?"

ಡಾಕ್ಟರರು ಎದ್ದವರು ಎದ್ದ ಹಾಗೇ ನಿಂತರು. ಒಲೆಯ ಮೇಲಿಟ್ಟ ಮೇಲೆ ಎದ್ದು ಹೋದವರುಂಟೇ? ನನ್ನ ಕಡೆ ನೋಡಿದರು. ಮನಸ್ಸು ಗಟ್ಟಿ ಮಾಡಿಕೊಳ್ಳಲು ದಾಳ ಉರುಳಿಸಿ ಎಂದೆ. ಉರುಳಿಸಿದರು. ಇಪ್ಪತ್ತರಲ್ಲಿ ಬರೀ ಎರಡು ಬಿತ್ತು. ಕೂತರು.

ಉಂಡ ಮೇಲೆ ಅಮಾವಾಸ್ಯೆ ಬಂತು, ಅಮಾವಾಸ್ಯೆಯ ದಿನ ಹೊರಡಬಾರದು. ಮರುದಿನ ಮಂಗಳವಾರ, ಮಂಗಳವಾರ ಅತಿಥಿಯನ್ನು ಕಳಿಸಬಾರದು. ಆಮೇಲೆ ನಾಯಿ ಕಿವಿ ಕೊಡವಿತು, ಅಪಶಕುನ. ಆಮೇಲೆ ಯಾರೋ ಸೀನಿದರು. ಕಾಕಾ ಪ್ರತಿಸಲ ನಿಜವಾದ ಕಳಕಳಿಯಿಂದ, "ನಾಳೆ ಹೋಗೀರಂತ ತಗೋರಿ," ಎನ್ನುತ್ತಿದ್ದರು. ವೀರರು ಸೆರೆಮನೆಯಲ್ಲಿ ಹಾಸಿಗೆ ಹಾಸಿಸಿಕೊಂಡು ಮಲಗಿದರು. ಮರುವಾರವೂ ಅಲ್ಲೇ ಎದ್ದರು. ಅದರ ಮರುವಾರ ಡಾಕ್ಟರರು ಕಾಕಾನ ಕುರಿಗಳಿಗೆ ಜಂತಿನ ಔಷಧ ಹಾಕುತ್ತಿದ್ದರು, ಆಟದೊಳಗೆ.

ಕೊನೆಗೆ ನಾದಿನಿ ಮೇಜು ಕುಟ್ಟಿದಳು. "ಸಾಕ್ರಿ! ನೀವು ನಮ್ಮನ್ನ ಬಿಡೂದಿಲ್ಲೇನು?"

ಕಾಕಾ ಆಶ್ಚರ್ಯಪಟ್ಟರು. "ಯಾರವ್ವಾ ಹಿಡದಾರ? ಬಾಗಲಾ ತೆರದ ಐತಿ. ಹೋಗೂದಿದ್ರ ಹೋಗ್ರಿ. ಮಂದಿ ಏನಾರ ಅನ್ಲಿ. ಇವರ ಮನ್ಯಾಗಿಂದ ಮಂದಿ ಮಾರಿ ಸಣ್ಣ ಮಾಡಿಕೊಂಡ ಹೋದ್ರು ಅನ್ಲಿ. ನಾ ಏನೂ ಅನ್ನಾಂವ ಅಲ್ಲ."

"ಮತ್ತ ಊರಿನ ನೀರು?"

"ನೀರಾ? ಅದನ್ನ ನಾ ಕಾಯಾಕತ್ತೇನಿ. ಅವರ ಕೈಯಾಗ ಕೊಟ್ರ ಖಾಲಿ ಮಾಡಿ ಕುಂಡ್ರತಾರ. ಯಾರರ ಒಬ್ರು ಜ್ವಾಪಾನ ಮಾಡಬೇಕಲ್ಲ?"

ನಾದಿನಿ ಕೈಯಲ್ಲಿದ್ದ ದಾಳವನ್ನು ಮೇಜಿನ ಮೇಲಿಟ್ಟಳು. ಕೋರೆಹಲ್ಲು, ಕಪ್ಪು ಕಿರೀಟ, ಅಟ್ಟಹಾಸ ಏನೂ ಇಲ್ಲದೆ, ಸೊಂಟಕ್ಕೆ ಹೊಳೆಯ ಕೀಲಿ ಸಿಕ್ಕಿಸಿಕೊಂಡು, ತಾನು ಉಪಕಾರ ಮಾಡುತ್ತಿದ್ದೇನೆಂದು ಪೂರ್ತಿ ನಂಬಿದ ಮನುಷ್ಯ ಮೂವರು ವೀರರನ್ನು ರೊಟ್ಟಿ ಬಡಿಸಿ ಬಡಿಸಿ ನೆಲಕ್ಕೆ ಹಾಕಿದ್ದ. ಅಂಥವರನ್ನು ನಾವೆಲ್ಲ ಕಂಡಿದ್ದೇವೆ. ಅವರ ಮನೆಯಲ್ಲಿ ಉಂಡು, ಕೈತೊಳೆದು, ಒಳ್ಳೆಯವರೆಂದು ಹೇಳಿ ಬಂದಿದ್ದೇವೆ. ಬಸ್ಸಿನ ಹೊತ್ತಾಯಿತೆಂದು ಕಾಕಾ ಎದ್ದು ಹೋದ ಮೇಲೂ ನಾವು ಮೇಜು ಬಿಟ್ಟು ಏಳಲಿಲ್ಲ. "ಇಂವನ್ನ ಹ್ಯಾಂಗ ಸೋಲಿಸೂದ್ರಿ?" ಎಂದು ಬಟ್ಟೆ ಅಂಗಡಿಯವರು ಕೇಳಿದರು. ಅವರ ದನಿಯಲ್ಲಿ ನಗು ಇರಲಿಲ್ಲ.

ಸೋಲಿಸಿದವರು ಮುಂದಿನ ರವಿವಾರ ತಾವಾಗಿಯೇ ಮೆಟ್ಟಿಲು ಹತ್ತಿ ಬಂದರು.

ಕಾಕಾನ ಹೆಂಡತಿ, ಊರವರ ಬಾಯಲ್ಲಿ ಕಾಕು, ಬಳೆ ತೊಡಿಸಿಕೊಳ್ಳಲು ಗೋಕಾಕಕ್ಕೆ ಬಂದಿದ್ದರು. ರವಿವಾರ ರವಿವಾರ ಗಂಡ ಎಲ್ಲಿಗೆ ಹೋಗುತ್ತಾನೆಂದು ಅವರಿಗೆ ಮೊದಲಿನಿಂದಲೂ ಗುಮಾನಿ. ಔಷಧದ ಅಂಗಡಿಯಲ್ಲಿ ಕೇಳಿಕೊಂಡು ಮೇಲೆ ಬಂದಾಗ ಕಾಕಾ ನಮ್ಮ ವೀರರಿಗೆ, "ಕೂಡ್ರಿ, ಇವತ್ತ ನಾನ ಚಾ ಮಾಡಿ ತರ್ತೇನಿ," ಎನ್ನುತ್ತಿದ್ದರು.

"ಏನಂದ್ರಿ?" ಎಂದಿತು ಬಾಗಿಲಿನಿಂದ ಒಂದು ತೆಳ್ಳನೆಯ ದನಿ. "ಯಾರಿಗ್ರಿ ಚಾ ಮಾಡಾಕತ್ತೀರಿ? ಮನ್ಯಾಗ ಒಂದ ವಾಟಗಾ ನೀರ ತಗೊಂಡ ಕುಡೀಲಿಲ್ಲ ನೀವು."

ಕಾಕಾ ಎದ್ದು ನಿಂತರು. ಡಾಕ್ಟರರು ಕುರ್ಚಿ ಬಿಟ್ಟುಕೊಟ್ಟರು. ಕಾಕು ಕೂತು, ಹೊಸ ಬಳೆ ಹಿಂದೆ ಸರಿಸಿ, ಮೇಜಿನ ಮೇಲಿನ ಬದನೆಕಾಯಿಯನ್ನು ಎತ್ತಿ ನೋಡಿ ಇಟ್ಟರು. ನಾನು ಆಟ ತಿಳಿಸಿದೆ. ನಕ್ಷೆಯನ್ನು ಗುರುತು ಹಿಡಿಯಲು ಅವರಿಗೆ ಹೊತ್ತು ಹಿಡಿಯಲಿಲ್ಲ.

"ಇದು ನಮ್ಮ ಮನಿ ಅಲ್ಲ?"

"ಅಲ್ರಿ, ಖಳನ ಮನಿ. ನೀವೂ ಆಡೂದಿದ್ರ ಖಳನ ಹೆಂಡ್ತಿ ಆಗಬಹುದ್ರಿ."

"ಅದ್ರಾಗ ಹೊಸಾದೇನೈತಿ," ಎಂದರು ಕಾಕು.

ಆಟ ಮುಂದುವರಿಯಿತು. ಕಾಕು ಮೊದಲು ಕೇಳಿದ್ದು ಅಡುಗೆಮನೆಯ ವಿಷಯ. "ಅಡಗಿಮನ್ಯಾಗಿಂದ ಹಿತ್ತಲಕ್ಕ ಒಂದ ಬಾಗಲಾ ಬೇಕಂತ ನಾನ ಪೆನ್ಸಿಲ್ಲಿಲೆ ಬರದಿದ್ನೆಲ್ಲ. ಐತೋ, ಅಳಿಸೀರೋ?" ಬಗ್ಗಿ ನೋಡಿದೆ. ಮಸುಕಾದ ಗೆರೆ ಅಲ್ಲಿಯೇ ಇತ್ತು. ಇದೆ ಎಂದು ತೀರ್ಪು ಕೊಟ್ಟೆ. ಕಾಕಾ ತಕರಾರು ತೆಗೆದರು, ತಮಗೆ ಆ ಬಾಗಿಲು ಗೊತ್ತೇ ಇಲ್ಲ ಎಂದರು.

"ನೀವ ಅಡಗಿಮನಿ ಒಳಗ ಬಂದಿದ್ರ ಗೊತ್ತಾಗ್ತಿತ್ತು."

ಆಮೇಲೆ ಕೀಲಿಯ ವಿಚಾರ. ಕೀಲಿ ಖಳನ ಉಡಿದಾರದಲ್ಲಿದೆ, ಹಗಲು ರಾತ್ರಿ ಸೊಂಟ ಬಿಡುವುದಿಲ್ಲ ಎಂದು ನಾನು ವಿವರಿಸಿದೆ. ಕಾಕು ತಲೆಯಾಡಿಸಿದರು. "ಜಳಕಕ್ಕ ಹೋಗೂ ಮುಂದ ತಗದ ಗೂಟಕ್ಕ ಹಾಕ್ತಾರ. ಹೊರಗ ಬಂದ ಮ್ಯಾಲ ಕೀಲಿ ಎಲ್ಲೈತಿ ಅಂತ ನನ್ನನ್ನ ಕೇಳ್ತಾರ."

"ದಾಳ ಉರುಳಿಸಬೇಕ್ರಿ," ಎಂದೆ ನಾನು.

"ಯಾಕ? ದಿನಾ ಹಂಗ ಮಾಡ್ತಾರಲ್ಲ. ಕೇಳ್ರಿ ಅವರನ್ನ."

ಎಲ್ಲರೂ ಕಾಕಾನ ಕಡೆ ನೋಡಿದೆವು. ಕಾಕಾ ಮರದ ಸೀತಾಫಲವನ್ನು ಅತ್ತಿತ್ತ ಹೊರಳಿಸಿದರು. ಸುಳ್ಳು ಹೇಳುವ ಮನುಷ್ಯರಲ್ಲ. "ಖರೆ ಐತಿ," ಎಂದರು.

ಹಾಗೆ, ಖಳ ಬಚ್ಚಲಲ್ಲಿ ತಲೆಗೆ ನೀರು ಸುರಿದುಕೊಳ್ಳುತ್ತಿದ್ದಾಗ, ಅವನ ಹೆಂಡತಿ ಗೂಟದ ಮೇಲಿನ ಕೀಲಿ ತೆಗೆದುಕೊಂಡು, ಅಡುಗೆಮನೆಯ ಹಿಂಬಾಗಿಲಿನಿಂದ ಹೋಗಿ ಹೊಳೆ ಬಿಟ್ಟಳು. ಊರಿನ ಉದ್ಧಾರಕ್ಕಲ್ಲ. "ಹಿತ್ತಲದಾಗ ಅರವಿ ಒಗಿಯಾಕ ನೀರ ಬೇಕಲ್ಲ, ಎಷ್ಟ ದಿನ ಕಾಯೂದು?" ಎಂದರು. ಮೂವರು ವೀರರು ಅಷ್ಟೂ ಹೊತ್ತು ಪಡಸಾಲೆಯಲ್ಲಿ ಉಣ್ಣುತ್ತಿದ್ದರು.

ಕಾಕಾಗೆ ಸಿಟ್ಟು ಬಂದಿತ್ತು. "ಮನಿ ಮಂದಿನ ಹಿಂಗ ಮಾಡಿದ್ರ ಹ್ಯಾಂಗ ಆಳಬೇಕ್ರಿ?" ಎಂದು ನನ್ನನ್ನು ಕೇಳಿದರು, ನಾನೇನೋ ದಾರಿ ತೋರಿಸುವವಳ ಹಾಗೆ. ಕೆಳಗೆ ಇಣುಕಿ ನೋಡಿದಾಗ ಇಬ್ಬರೂ ಬಸ್ ನಿಲ್ದಾಣದ ಕಡೆ ಹೋಗುತ್ತಿದ್ದರು. ಕಾಕಾ ಮುಂದೆ ಮುಂದೆ, ಕಾಕು ಅವಸರವಿಲ್ಲದೆ ಹಿಂದೆ.

ಆಮೇಲೆ ಕಬ್ಬಿನ ಕಟಾವು ಬಂತೆಂದು ಕಾಕಾ ಬರಲಿಲ್ಲ. ಕಟಾವು ಮುಗಿದ ಮೇಲೂ ಬರಲಿಲ್ಲ. ಖಳನ ಕೆಲಸಕ್ಕೆ ಡಾಕ್ಟರರನ್ನು ಹಚ್ಚಿ ನೋಡಿದೆವು. ಅವರ ಖಳ ವೀರರ ನಾಡಿ ಹಿಡಿದು ನೋಡಿ, ಹಸಿ ಸೊಪ್ಪು ತಿನ್ನಿರಿ ಎಂದು ಹೇಳಿ ಕಳಿಸುತ್ತಿದ್ದ. ಮನೆಯ ಕೆಲಸ ಮಾತ್ರ ನಡೆದಿತ್ತು. ಕಾಕು ಒಬ್ಬರೇ ಬಂದು ಹಗೇವಿನ ನಕ್ಷೆಯನ್ನೇ ಮನೆಗೆ ಹೊಂದುವಂತೆ ತಿದ್ದಿಸಿಕೊಂಡು ಹೋದರು. ಮೂರು ಕಡೆ ತಿರುಗುವ ಓಣಿ ಈಗ ಘೋಡಗೇರಿಯ ತೋಟದಲ್ಲಿ ಇಟ್ಟಂಗಿಯಲ್ಲಿ ಎದ್ದು ನಿಂತಿದೆ. ಹಾವಿನ ಗುಂಡಿಯನ್ನು ಮನೆ ಕಟ್ಟುವ ಹುಕ್ಕೇರಿಯ ಗೌಂಡಿ ಸಾಫ್ ಬೇಡವೆಂದನಂತೆ. ತಿರುಗುವ ಗೋಡೆಯ ವಿಚಾರದಲ್ಲಿ ಕಾಕಾ ಅವನೊಡನೆ ಬಹಳ ವಾದ ಮಾಡಿದ್ದರಂತೆ.

ಹೋದ ಚಳಿಗಾಲದಲ್ಲಿ ಇಬ್ಬರೂ ಮತ್ತೆ ಬಂದರು. ಆ ರವಿವಾರ ಆಟ ಮೂಡಲಗಿಯಲ್ಲಿ, ಡಾಕ್ಟರರ ಮನೆಯ ಜಗಲಿಯ ಮೇಲೆ. ಕುಲಗೋಡದ ಸಂಬಂಧಿಕರ ಮನೆಗೆ ಬಂದವರು ಹಾಗೇ ಬಂದಿದ್ದರು. ಕಾಕಾ ಬಂದವರೇ, "ನಾ ಇನ್ನ ಖಳ ಆಗೂದಿಲ್ಲ. ನನಗ ಗದಾ ಕೊಡ್ರಿ," ಎಂದು ವೀರರ ಕಡೆ ಕೂತರು. ಎಲ್ಲರ ಕಣ್ಣೂ ಕಾಕುವಿನ ಕಡೆ ಹೊರಳಿತು. ಕಾಕು ಬೇಡ ಎನ್ನಲಿಲ್ಲ.

ನಾನು ಬರೆದು ತಂದಿದ್ದ ಹೊಸ ಹಗೇವನ್ನು ಅವರ ಮುಂದೆ ಹಾಸಿದೆ. ಹದಿನೈದಿಪ್ಪತ್ತು ಕೋಣೆ, ಕಮಾನು, ಸುರಂಗ. ಅವರು ನೋಡಿದರು. "ಇಷ್ಟ ಖೋಲಿ ಯಾರ ಕಸಾ ಹೊಡೀಬೇಕು? ಒಂದ ಸಾಕು. ಒಂದ ಬಾಗಲಾ. ಮುಚ್ಚಿರ್ಲಿ."

"ಒಳಗೇನಿರ್ತೈತ್ರಿ?"

"ನಾ ಇರ್ತೇನಿ."

ಡಾಕ್ಟರರ ಮನೆಯವರು ಶೇಂಗಾ ಸುಲಿಯಲು ಮೊರದಲ್ಲಿ ಹಾಕಿಟ್ಟಿದ್ದರು. ಕಾಕು ಮೊರವನ್ನು ತೊಡೆಯ ಮೇಲೆ ಎಳೆದುಕೊಂಡು ಸುಲಿಯಲು ಕುಳಿತರು. ವೀರರು ಬಾಗಿಲಿಗೆ ಬಂದರು. ನಾದಿನಿ ದೀಪ ಇಳಿಸುವ ಮಾತೆತ್ತಲಿಲ್ಲ.

"ಬಾಗಲಾ ಬಡೀತೇವಿ," ಎಂದರು ಬಟ್ಟೆ ಅಂಗಡಿಯವರು.

"ಬಡೀರಿ."

ಬಡಿದರು. ಕಾಕು ಒಂದು ಶೇಂಗಾ ಒಡೆದರು. ಚಟಕ್ ಎಂದಿತು. ಕಾಳು ಒಂದು ಕಡೆ, ಸಿಪ್ಪೆ ಒಂದು ಕಡೆ. ತಲೆ ಎತ್ತಲಿಲ್ಲ. ಉತ್ತರವಿಲ್ಲ.

"ಒಳಗ ಯಾರ ಅದೀರಿ?" ಎಂದು ಡಾಕ್ಟರರು ಕೇಳಿದರು. ಮತ್ತೊಂದು ಶೇಂಗಾ. ಜಗಲಿಯ ಮೇಲೆ ಬಿಸಿಲು ಚೆನ್ನಾಗಿತ್ತು, ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಾಡು ಹಚ್ಚಿಕೊಂಡು ಹೋಗುತ್ತಿತ್ತು, ಆದರೂ ನಮಗೆ ಕೇಳಿಸುತ್ತಿದ್ದುದು ಆ ಚಟಕ್ ಸದ್ದೊಂದೇ. ನಾದಿನಿ ಉಗುರು ಕಚ್ಚತೊಡಗಿದಳು.

"ಇನ್ನೊಮ್ಮಿ ಬಡಿಯೂಣೇನ್ರಿ?" ಎಂದರು ಬಟ್ಟೆ ಅಂಗಡಿಯವರು ಪಿಸುದನಿಯಲ್ಲಿ.

ಕಾಕಾ ಗದೆ ಹಿಡಿದ ಕೈಯನ್ನೇ ಅಡ್ಡ ಚಾಚಿದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ಬ್ಯಾಡ್ರಿ. ಹಿಂದ ಸರೀರಿ. ಆಕಿ ಬೈಯಾಕತ್ತಿದ್ರ ಒಳಗ ಹೋಗಬಹುದಿತ್ತು. ಸುಮ್ಮನ ಅದಾಳ ಅಂದ್ರ ಏನೋ ಐತಿ."

ವೀರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ, ಒಂದು ಸಲವೂ ದಾಳ ಉರುಳಿಸದೆ, ಬಂದ ದಾರಿಯಲ್ಲೇ ಹಿಂದೆ ಸರಿಯತೊಡಗಿದರು. ಮೊರದಿಂದ ಒಂದು ಹಿಡಿ ಶೇಂಗಾ ತೆಗೆದುಕೊಂಡು ನಾನೂ ಸುಲಿಯತೊಡಗಿದೆ.